ಕಿರ್ಶ್ನರ್ ತಾನೇ ಜೋಡಿಸಿದ ಕಿರ್ಶ್ನರ್: ಬೆರ್ನ್ ಪ್ರದರ್ಶನದ ಬಗ್ಗೆ ಮಾತಾಡೋಣ

ಮಸಿಕುಡಿಕೆ (ಮಲ್ಲೇಶ್ವರ)

ನಾರ್ವೆಯ ಚಿತ್ರಕಾರ ಮುಂಕ್ ಬಗ್ಗೆ ಈ ವೇದಿಕೆಯಲ್ಲಿ ಪುಟಗಟ್ಟಲೆ ಮಾತಾಡಿದ್ದೇವೆ. ಜರ್ಮನ್ ಚಿತ್ರಕಾರ ಎರ್ನ್ಸ್ಟ್ ಲುಡ್ವಿಗ್ ಕಿರ್ಶ್ನರ್ ಬಗ್ಗೆ ಹುಡುಕಿದರೆ ಏನೂ ಸಿಗಲಿಲ್ಲ. ಅದಕ್ಕೇ ಶುರು ಮಾಡುತ್ತಿದ್ದೇನೆ.

ಆಫೀಸಿನ ಕೆಲಸಕ್ಕೆ ಸ್ವಿಟ್ಜರ್ಲೆಂಡಿಗೆ ಹೋಗಿದ್ದೆ. ಬೆರ್ನ್‌ನ ಕುನ್ಸ್ಟ್‌ಮ್ಯೂಸಿಯಂನಲ್ಲಿ 'ಕಿರ್ಶ್ನರ್ × ಕಿರ್ಶ್ನರ್' ನಡೆಯುತ್ತಿತ್ತು (2025ರ ಸೆಪ್ಟೆಂಬರ್‌ನಿಂದ 2026ರ ಜನವರಿವರೆಗೆ ಇತ್ತು). ಇದರ ಹಿಂದೆ ಇನ್ನೊಂದು ಪ್ರದರ್ಶನದ ಕಥೆ ಇದೆ. 1933ರಲ್ಲಿ ಅದೇ ಊರಿನ ಕುನ್ಸ್ಟ್‌ಹಾಲೆಯಲ್ಲಿ ಕಿರ್ಶ್ನರ್‌ನ ಬಹಳ ದೊಡ್ಡ ಪ್ರದರ್ಶನ ನಡೆದಿತ್ತು. ಯಾವ ಚಿತ್ರ ಬರಬೇಕು, ಯಾವುದರ ಪಕ್ಕ ಯಾವುದು ತೂಗಬೇಕು, ಕ್ಯಾಟಲಾಗ್ ಹೇಗಿರಬೇಕು, ಎಲ್ಲದರಲ್ಲೂ ಅವನದೇ ಕೈ. ಈಗಿನವರು ಅದನ್ನೇ ವಿಷಯ ಮಾಡಿಕೊಂಡಿದ್ದಾರೆ. ಒಬ್ಬ ಕಲಾವಿದ ತನ್ನನ್ನು ಜಗತ್ತಿಗೆ ಹೇಗೆ ತೋರಿಸಿಕೊಂಡ ಅನ್ನೋದು.

ಅಲ್ಲಿ ಎಲ್ಲರೂ ನಿಂತು ನೋಡುತ್ತಿದ್ದದ್ದು ಎರಡು ಉದ್ದನೆಯ ಚಿತ್ರಗಳನ್ನು. ಒಂದೊಂದೂ ಸುಮಾರು 4 ಮೀಟರ್ ಅಗಲ. ಎರಡರಲ್ಲೂ ಆಲ್ಪ್ಸ್‌ನ ರೈತರು, ಭಾನುವಾರದ ಬಿಡುವು. ಒಂದು ಬೆರ್ನ್ ಮ್ಯೂಸಿಯಂನವರದೇ, 1933ರಲ್ಲಿ ಕೊಂಡದ್ದು. ಇನ್ನೊಂದು ಇವತ್ತು ಜರ್ಮನಿಯ ಚಾನ್ಸಲರ್ ಕಚೇರಿಯಲ್ಲಿ, ಸಂಪುಟ ಸಭೆ ನಡೆಯುವ ಕೋಣೆಯಲ್ಲಿ ತೂಗುತ್ತದೆ. 1933ರ ನಂತರ ಎರಡೂ ಒಟ್ಟಿಗೆ ಸೇರಿದ್ದು ಈ ಪ್ರದರ್ಶನದಲ್ಲೇ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಆ ಚಿತ್ರಗಳಲ್ಲ. ಒಬ್ಬ ವಿಮರ್ಶಕ. ಹೆಸರು ಲೂಯಿ ದ ಮಾರ್ಸಾಲ್, ಫ್ರೆಂಚ್‌ನವನಂತೆ. 1920ರಿಂದ ಕಿರ್ಶ್ನರ್ ಬಗ್ಗೆ ಒಳ್ಳೊಳ್ಳೆ ಲೇಖನ ಬರೆದ. ಅಂಥ ಮನುಷ್ಯನೇ ಇರಲಿಲ್ಲ! ಕಿರ್ಶ್ನರ್ ತಾನೇ ಆ ಹೆಸರಲ್ಲಿ ಬರೆದುಕೊಂಡಿದ್ದ. ಕೊನೆಗೆ 1933ರ ಬೆರ್ನ್ ಕ್ಯಾಟಲಾಗ್‌ನಲ್ಲಿ ಮಾರ್ಸಾಲ್ ಹೆಸರಿನ ಪಕ್ಕ ಶಿಲುಬೆ ಗುರುತು ಹಾಕಿ ಅವನನ್ನು 'ಸಾಯಿಸಿಯೂ' ಬಿಟ್ಟ.

ಇದರ ಜೊತೆಗೆ ಇನ್ನೆರಡು ಅಭ್ಯಾಸ. ಹಳೆಯ ಕ್ಯಾನ್ವಾಸ್‌ಗಳ ಮೇಲೆ ವರ್ಷಗಳ ನಂತರ ಮತ್ತೆ ಬಣ್ಣ ಹಚ್ಚುತ್ತಿದ್ದ. ಎಷ್ಟೋ ಚಿತ್ರಗಳಿಗೆ ನಿಜಕ್ಕಿಂತ ಹಿಂದಿನ ಇಸವಿ ಬರೆಯುತ್ತಿದ್ದ. ಮುಂಕ್, ಫ್ರಾನ್ಸಿನ ಚಿತ್ರಕಾರ ಮಾತೀಸ್‌ರಿಂದ ಏನೂ ಪಡೆದಿಲ್ಲ, ಎಲ್ಲ ನನ್ನದೇ ಅಂತ ಸಾಧಿಸುವ ಹಟ.

ನಿಮಗೆ ಏನನ್ನಿಸುತ್ತದೆ? ನನಗಂತೂ ಸಿಟ್ಟೂ ಬಂತು, ನಗುವೂ ಬಂತು.

ಸುಮ್ನೆ ಓದುವವ (ಯಲಹಂಕ)

ಅಂದರೆ ಹೋಟೆಲ್ ಮಾಲೀಕನೇ ಬೇರೆ ಹೆಸರಲ್ಲಿ ಐದು ಸ್ಟಾರ್ ಕೊಟ್ಟುಕೊಂಡ ಹಾಗೆ. ನೂರು ವರ್ಷದ ಹಿಂದೆಯೇ ಇತ್ತಾ ಇದು! ಮೇಡಂ, ನನಗೆ ಈ ಹೆಸರೇ ಹೊಸದು. ಸ್ವಲ್ಪ ಹಿನ್ನೆಲೆ ಹೇಳಿ.

ಮಸಿಕುಡಿಕೆ (ಮಲ್ಲೇಶ್ವರ)

ಚಿಕ್ಕದಾಗಿ ಹೇಳುತ್ತೇನೆ. ಹುಟ್ಟಿದ್ದು 1880. ಡ್ರೆಸ್ಡೆನ್‌ನಲ್ಲಿ ಓದಿದ್ದು ಆರ್ಕಿಟೆಕ್ಚರ್. 1905ರಲ್ಲಿ ಹೆಕೆಲ್, ಶ್ಮಿಟ್-ರಾಟ್‌ಲುಫ್, ಬ್ಲೈಲ್ ಜೊತೆ ಸೇರಿ 'ಬ್ರೂಕೆ' ಅನ್ನೋ ಗುಂಪು ಕಟ್ಟಿದ. ನಾಲ್ವರೂ ಆರ್ಕಿಟೆಕ್ಚರ್ ಹುಡುಗರೇ. 1911ರಲ್ಲಿ ಬರ್ಲಿನ್‌ಗೆ ಹೋದ. ಅಲ್ಲಿನ ಬೀದಿ ಚಿತ್ರಗಳೇ ಅವನಿಗೆ ಹೆಸರು ತಂದದ್ದು. ಮೊದಲ ಮಹಾಯುದ್ಧದಲ್ಲಿ ಮನಸ್ಸು ಕೆಟ್ಟು, 1917ರಿಂದ ಸ್ವಿಟ್ಜರ್ಲೆಂಡಿನ ಡಾವೋಸ್‌ನ ಬೆಟ್ಟಗಳಲ್ಲೇ ಇದ್ದ. 1937ರಲ್ಲಿ ನಾಜಿಗಳು ಅವನ 639 ಕೃತಿಗಳನ್ನು ಮ್ಯೂಸಿಯಂಗಳಿಂದ ಕಿತ್ತುಕೊಂಡರು. 1938ರ ಜೂನ್‌ನಲ್ಲಿ ತಾನೇ ಪ್ರಾಣ ಕಳೆದುಕೊಂಡ.

ಲಿನೋಧೂಳು (ಬನಶಂಕರಿ)

ಒಳ್ಳೇ ವಿಷಯ ಎತ್ತಿದ್ದೀರಿ. ಆದರೆ ಕಿರ್ಶ್ನರ್ ಅಂದ ಕೂಡಲೇ ಎಲ್ಲರೂ ಪೇಂಟಿಂಗ್ ಮಾತ್ರ ಹಿಡಿದುಕೊಳ್ಳುತ್ತಾರೆ. ನಾನು ಪ್ರಿಂಟ್‌ಮೇಕಿಂಗ್ ಓದಿದವನು, ಕೈಗೆ ಉಳಿಯ ಗಾಯ ಮಾಡಿಕೊಂಡವನು. ನನ್ನ ಪ್ರಕಾರ ಅವನ ಅರ್ಧಕ್ಕಿಂತ ಜಾಸ್ತಿ ಶಕ್ತಿ ಇರುವುದು ಪ್ರಿಂಟ್‌ಗಳಲ್ಲಿ. ವುಡ್‌ಕಟ್ (ಮರದಲ್ಲಿ ಕೆತ್ತಿದ ಅಚ್ಚು), ಎಚಿಂಗ್ (ಲೋಹದ ತಗಡಿನ ಅಚ್ಚು), ಲಿಥೋ (ಕಲ್ಲಚ್ಚು) ಎಲ್ಲ ಸೇರಿ 2,000ಕ್ಕೂ ಹೆಚ್ಚು ಮಾಡಿದ್ದಾನೆ.

ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿ ಪ್ರಿಂಟ್‌ಗಳನ್ನು ನೋಡಲು ಒಂದು ಓದುಕೋಣೆ ಇದೆ. ಮೊದಲೇ ಬರೆದು ಸಮಯ ತೆಗೆದುಕೊಂಡರೆ ಯಾರಿಗೆ ಬೇಕಾದರೂ ಪೆಟ್ಟಿಗೆಯಿಂದ ತೆಗೆದು ಮುಂದೆ ಇಡುತ್ತಾರೆ. ನಡುವೆ ಗಾಜಿಲ್ಲ. ಅಲ್ಲಿ ಅವನ ಕೆಲವು ಹಾಳೆಗಳನ್ನು ನೋಡಿದೆ. ಕೆಲಸ ಗೊತ್ತಿದ್ದವರಿಗೆ ಅದು ಬೇರೆಯೇ ಅನುಭವ. ಉಳಿ ಎಲ್ಲಿ ಜಾರಿದೆ, ಎಲ್ಲಿ ಬೇಕಂತಲೇ ಒರಟಾಗಿ ಬಿಟ್ಟಿದ್ದಾನೆ, ಇಂಕ್ ಎಲ್ಲಿ ತೆಳುವಾಗಿದೆ, ಎಲ್ಲ ಕಾಣುತ್ತದೆ. ಪುಸ್ತಕದಲ್ಲಿ ಕಪ್ಪು ಅಂದರೆ ಬರೀ ಕಪ್ಪು. ಹಾಳೆಯಲ್ಲಿ ಆ ಕಪ್ಪಿನೊಳಗೆ ಮರದ ಎಳೆ ಓಡುತ್ತಿರುತ್ತದೆ.

ಇನ್ನೊಂದು ಮಾತು. ಅವನು ಅಚ್ಚುಗಾರರ ಕೈಗೆ ಕೊಡುತ್ತಿರಲಿಲ್ಲ. ಬಹುಪಾಲು ತಾನೇ ಅಚ್ಚು ಹಾಕುತ್ತಿದ್ದ. ಹಾಳೆಯ ಕೆಳಗೆ 'ಸ್ವಂತ ಅಚ್ಚು' ಅಂತ ಜರ್ಮನ್‌ನಲ್ಲಿ ಬರೆಯುತ್ತಿದ್ದ. ಇವತ್ತು ನಾವು 3/25 (25 ಹಾಳೆಗಳಲ್ಲಿ ಮೂರನೆಯದು) ಅಂತ ನಂಬರ್ ಹಾಕುತ್ತೇವಲ್ಲ, ಅದನ್ನು ಅವನು ಹೆಚ್ಚಾಗಿ ಮಾಡಲೇ ಇಲ್ಲ. ಒಂದು ಅಚ್ಚಿಗೆ ಕೆಲವೇ ಹಾಳೆ, ಒಂದೊಂದೂ ಬೇರೆ ಥರ. ಲಿಥೋದಲ್ಲಿ ಕಲ್ಲಿನ ಮೇಲೆ ಟರ್ಪೆಂಟೈನ್ ಬಿಟ್ಟು ಕಲೆ ಎಬ್ಬಿಸುತ್ತಿದ್ದ. ಹಳದಿ ಕಾಗದದ ಮೇಲೆ ಕಪ್ಪು ಲಿಥೋ ಅವನಿಗೆ ಬಹಳ ಇಷ್ಟ.

ಮಸಿಕುಡಿಕೆ ಮೇಡಂ ಹೇಳಿದ ಮೋಸದ ಮಾತಿಗೆ ಬರುತ್ತೇನೆ. ಕ್ಯಾನ್ವಾಸ್ ಮೇಲೆ ಮತ್ತೆ ಬಣ್ಣ ಹಚ್ಚಬಹುದು. ಮರದಲ್ಲಿ ಒಮ್ಮೆ ಕೆತ್ತಿ ತೆಗೆದದ್ದನ್ನು ವಾಪಸ್ ಅಂಟಿಸೋಕಾಗಲ್ಲ. ನಿಜವಾದ ಕಿರ್ಶ್ನರ್ ಬೇಕಾದರೆ ವುಡ್‌ಕಟ್ ನೋಡಿ ಅನ್ನುತ್ತೇನೆ ನಾನು.

ಹಳೇ ಸಂತೆ (ಬಸವನಗುಡಿ)

ಲಿನೋ, ನಿನ್ನ ಮಾತು ಕೇಳೋಕೆ ಚೆನ್ನಾಗಿದೆ ಕಣಪ್ಪ. ಒಪ್ಪೋಕೆ ಆಗಲ್ಲ.

ಮರ ಬದಲಾಗುವುದಿಲ್ಲ, ಸರಿ. ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯುವ ಇಸವಿ? ಅದನ್ನೂ ಅವನೇ ಬರೆದದ್ದು. ಮೇಲೆ ನೀನೇ ಹೇಳಿದೆ, ಒಂದೊಂದು ಹಾಳೆಯೂ ಬೇರೆ ಅಂತ. ಬಣ್ಣ ಬದಲಿಸಿದ, ಕೆಲವಕ್ಕೆ ಕುಂಚದಿಂದ ಬಣ್ಣ ಹಚ್ಚಿದ, ಅಚ್ಚಿನಲ್ಲಿ ಇನ್ನಷ್ಟು ಕೆತ್ತಿ ಮತ್ತೆ ಹಾಕಿದ. ಹಾಗಾದರೆ ಯಾವ ಹಾಳೆ ನಿಜ? ಕೊನೆಗಾಲದಲ್ಲಿ ತನ್ನ ಮರದ ಅಚ್ಚುಗಳಲ್ಲಿ ಹಲವನ್ನು ತಾನೇ ನಾಶ ಮಾಡಿದ. ತನ್ನ ಹೆಸರಿನ ಮೇಲೆ ಹಿಡಿತ ಬಿಡದ ಮನುಷ್ಯ. ಕ್ಯಾನ್ವಾಸ್ ಆದರೇನು, ಮರ ಆದರೇನು.

1906ರಲ್ಲಿ ಬ್ರೂಕೆ ಗುಂಪಿನ ಘೋಷಣೆಯನ್ನು ಅವನೇ ಮರದಲ್ಲಿ ಅಕ್ಷರ ಕೆತ್ತಿ ಅಚ್ಚು ಹಾಕಿದ. 1913ರಲ್ಲಿ ಗುಂಪಿನ ಚರಿತ್ರೆ ಬರೆಯಲು ಕೂತ. ಎಲ್ಲದಕ್ಕೂ ನಾನೇ ಮೂಲ ಅನ್ನೋ ಹಾಗೆ ಬರೆದ. ಉಳಿದವರು ಮುನಿಸಿಕೊಂಡರು, ಗುಂಪು ಒಡೆಯಿತು. ಮಾರ್ಸಾಲ್ ಅನ್ನೋ ಆಸಾಮಿ 1920ರಲ್ಲಿ ದಿಢೀರ್ ಅಂತ ಹುಟ್ಟಿದ್ದಲ್ಲ ಅಂತ ಹೇಳಿದೆ ಅಷ್ಟೇ.

ಲಿನೋಧೂಳು (ಬನಶಂಕರಿ)

ಸರ್, ಇಸವಿ ವಿಷಯ ಒಪ್ಪುತ್ತೇನೆ. ಹಾಳೆಗಳು ಬೇರೆ ಬೇರೆ ಅನ್ನೋದು ಮಾತ್ರ ಮೋಸ ಅಲ್ಲ. ಪ್ರಿಂಟ್‌ಮೇಕಿಂಗ್ ಅಂದರೇ ಅದು. ಪ್ರೂಫ್ (ಪರೀಕ್ಷೆಗೆ ಒಂದು ಹಾಳೆ) ತೆಗೆಯುತ್ತೀವಿ, ನೋಡುತ್ತೀವಿ, ಮತ್ತೆ ಕೆತ್ತುತ್ತೀವಿ. ಹಿಂದಿನ ಪ್ರೂಫ್ ಹಾಳೆ ಹಾಗೇ ಉಳಿದಿರುತ್ತದೆ. ಅದೇ ಸಾಕ್ಷಿ. ಮೇಲೆ ಬಣ್ಣ ಹಚ್ಚಿದ ಕ್ಯಾನ್ವಾಸ್‌ನಲ್ಲಿ ಹಿಂದಿನದು ಮುಚ್ಚಿಯೇ ಹೋಗುತ್ತದೆ. ಎಕ್ಸ್‌ರೇ ಹಾಕಬೇಕು.

ಕಸ್ತೂರ್ಬಾ ರಸ್ತೆ (ಶಾಂತಿನಗರ)

ನಿಮ್ಮ ಜಗಳದ ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಕಿರ್ಶ್ನರ್‌ಗೂ ನಮಗೂ ಒಂದು ನಂಟಿದೆ. ಅದನ್ನು ಯಾರೂ ಹೇಳಲಿಲ್ಲವಲ್ಲ!

ಡ್ರೆಸ್ಡೆನ್‌ನಲ್ಲಿ ಇದ್ದಾಗ ಅವನಿಗೆ ಅಜಂತಾದ ಹುಚ್ಚು ಹಿಡಿದಿತ್ತು. ನೋಡಿದ್ದು ಗುಹೆಯನ್ನಲ್ಲ, ಪುಸ್ತಕವನ್ನು. ಮುಂಬೈನ ಜೆ.ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ 1872ರಿಂದ 1885ರವರೆಗೆ ಅಜಂತಾ ಗೋಡೆಗಳ ನಕಲು ಮಾಡಿಸಿದ. ಲಂಡನ್‌ಗೆ ಕಳಿಸಿದ ಆ ನಕಲುಗಳಲ್ಲಿ ಎಷ್ಟೋ 1885ರ ಬೆಂಕಿಯಲ್ಲಿ ಸುಟ್ಟುಹೋದವು. ಆಮೇಲೆ 1896–97ರಲ್ಲಿ ಗ್ರಿಫಿತ್ಸ್‌ನ ಎರಡು ದಪ್ಪ ಸಂಪುಟ ಹೊರಬಂತು. ಕಿರ್ಶ್ನರ್ ಕೂತು ನಕಲು ಮಾಡಿದ್ದು ಅದನ್ನೇ. ನಮ್ಮ ಮುಂಬೈ ಹುಡುಗರ ನಕಲು, ಅದರ ಅಚ್ಚು, ಅದರ ಮೇಲೆ ಜರ್ಮನ್ ಹುಡುಗನ ನಕಲು. 1911ರ ಅವನ 'ಸರೋವರದ ಬಳಿ ಸ್ನಾನ ಮಾಡುವ ಐವರು' ಚಿತ್ರದ ಹೆಂಗಸರನ್ನು ನೋಡಿ. ಆ ತುಂಬಿದ ಮೈ, ಆ ಬಾಗು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಈಗ ಕೇಳಿ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ನಮ್ಮ ಕೆ. ವೆಂಕಟಪ್ಪನವರು ಕಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್ ಜೊತೆ ಇಂಗ್ಲೆಂಡಿನ ಕಲಾವಿದೆ ಲೇಡಿ ಹೆರಿಂಗ್‌ಹ್ಯಾಮ್ ತಂಡದಲ್ಲಿ ಅಜಂತಾಕ್ಕೆ ಹೋಗಿ ಗೋಡೆಯ ಮುಂದೆಯೇ ಕೂತು ನಕಲು ಮಾಡಿದವರು. ಇವರು ಗುಹೆಯೊಳಗೆ, ಅವನು ಡ್ರೆಸ್ಡೆನ್‌ನಲ್ಲಿ.

ಕಬ್ಬನ್ ಪಾರ್ಕ್ ಪಕ್ಕದ ವೆಂಕಟಪ್ಪ ಗ್ಯಾಲರಿ ಮುಂದೆ ಬಸ್ಸಲ್ಲಿ ಹೋಗುವಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಮಸಿಕುಡಿಕೆ (ಮಲ್ಲೇಶ್ವರ)

ಅಬ್ಬಾ! ಅಜಂತಾ ವಿಷಯ ಒಂದು ಸಾಲು ಓದಿದ್ದೆ. ವೆಂಕಟಪ್ಪನವರನ್ನು ಪಕ್ಕ ಇಟ್ಟು ಯೋಚಿಸಿರಲಿಲ್ಲ. ಒಂದೇ ಗೋಡೆಯಿಂದ ಇಬ್ಬರೂ ಎಷ್ಟು ಬೇರೆ ಕಡೆ ಹೋದರು ನೋಡಿ. ವೆಂಕಟಪ್ಪನವರ ಊಟಿ ಜಲವರ್ಣಗಳಲ್ಲಿ ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿಯಿಲ್ಲ. ಮಂಜು ಕೂಡ ಅಳತೆ ಮಾಡಿ ಹಾಕಿದಂತೆ. ಕಿರ್ಶ್ನರ್ ಮೈಯನ್ನು ಎರಡು ಬಣ್ಣದಲ್ಲಿ ಬಳಿದು ಸುತ್ತ ದಪ್ಪ ಗೆರೆ ಎಳೆದು ಮುಗಿಸುತ್ತಾನೆ.

ಹಳೇ ಸಂತೆ (ಬಸವನಗುಡಿ)

ನಂಟು ನಿಜ, ಅದನ್ನು ಅಲ್ಲಗಳೆಯಲ್ಲ. ಹೆಮ್ಮೆ ಪಡೋಕೆ ಮುಂಚೆ ಒಂದು ಮಾತು. ಅವನು ಡ್ರೆಸ್ಡೆನ್ ಮ್ಯೂಸಿಯಂನಲ್ಲಿದ್ದ ಪೆಸಿಫಿಕ್ ಸಾಗರದ ಪಲಾವು ದ್ವೀಪದ ಕೆತ್ತಿದ ತೊಲೆಗಳನ್ನೂ ಹೀಗೇ ಎತ್ತಿಕೊಂಡ. ಆಫ್ರಿಕಾದ ಕೆತ್ತನೆಯನ್ನೂ ಎತ್ತಿಕೊಂಡ. ಅಜಂತಾವೂ ಆ ಸಾಲಿನಲ್ಲೇ ಬರುತ್ತದೆ. ಮುಂಕ್‌ಗೆ ಋಣಿ ಅಂತ ಒಪ್ಪದವನು, ದೂರದೇಶದ ಹೆಸರಿಲ್ಲದ ಕಲಾವಿದರಿಂದ ಪಡೆದೆ ಅಂತ ಆರಾಮಾಗಿ ಹೇಳಿಕೊಂಡ. ಅವರು ಬಂದು ಪಾಲು ಕೇಳುವುದಿಲ್ಲವಲ್ಲ.

ಕಸ್ತೂರ್ಬಾ ರಸ್ತೆ (ಶಾಂತಿನಗರ)

ಸರ್, ನೀವು ಹೇಳಿದ್ದು ಕಹಿ, ಆದರೆ ಸರಿ.

ಕೆಂಪುಗೆರೆ (ಜಯನಗರ)

ಇನ್ನೂ ಕಹಿ ಒಂದು ಬಾಕಿ ಇದೆ. ಫ್ರಾನ್ಸಿ. ಬ್ರೂಕೆ ಗುಂಪಿನವರಿಗೆ ಮಾಡೆಲ್ ಆಗಿ ಬಂದಾಗ ಆ ಹುಡುಗಿಗೆ ಸುಮಾರು 9 ವರ್ಷ. 'ಸಹಜ ಬದುಕು, ಸ್ವಾತಂತ್ರ್ಯ' ಅಂತ ಅವರು ಏನೇ ಹೇಳಿಕೊಳ್ಳಲಿ, ಇವತ್ತು ಆ ಚಿತ್ರಗಳ ಮುಂದೆ ನೆಮ್ಮದಿಯಾಗಿ ನಿಲ್ಲೋಕಾಗಲ್ಲ. ಬಹಳ ಕಾಲ ಪುಸ್ತಕಗಳಲ್ಲಿ ಅವಳನ್ನು ಒಂದು ಬಣ್ಣದ ಪ್ರಯೋಗದ ಥರ ಬರೆದರು. ಅವಳು ಯಾರು, ಯಾರ ಮಗಳು ಅಂತ ಕೇಳಿದ್ದು ತೀರಾ ಈಚೆಗೆ. 2010ರಲ್ಲಿ ಹ್ಯಾನೋವರ್‌ನಲ್ಲಿ ಇದನ್ನೇ ಇಟ್ಟುಕೊಂಡು ಒಂದು ಪ್ರದರ್ಶನ ಆಯಿತು. ನನ್ನ ಮಗಳ ಜೊತೆ ಮ್ಯೂಸಿಯಂಗೆ ಹೋದರೆ ನಾನು ಆ ಗೋಡೆ ದಾಟಿ ಮುಂದೆ ಹೋಗುತ್ತೇನೆ. ಬೇರೆಯವರು ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು.

ಮಸಿಕುಡಿಕೆ (ಮಲ್ಲೇಶ್ವರ)

ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ.

ನಿರ್ವಾಹಕ

ಕೆಂಪುಗೆರೆ ಅವರ ಮಾತಿಗೆ ಬಂದ ಕೆಲವು ಉತ್ತರಗಳನ್ನು ತೆಗೆದಿದ್ದೇನೆ. ಭಿನ್ನಾಭಿಪ್ರಾಯ ಇರಲಿ, ವ್ಯಂಗ್ಯ ಬೇಡ. ಚಿತ್ರಗಳ ಲಿಂಕ್ ಹಾಕುವಾಗಲೂ ಯೋಚಿಸಿ ಹಾಕಿ.

ಸುಮ್ನೆ ಓದುವವ (ಯಲಹಂಕ)

ನಿನ್ನೆ ರಾತ್ರಿ ಕೂತು ಹುಡುಕಿದೆ. ಸೈನಿಕನ ಸಮವಸ್ತ್ರದಲ್ಲಿ ಅವನದೇ ಒಂದು ಚಿತ್ರ ಇದೆಯಲ್ಲ, ಬಲಗೈ ಮಣಿಕಟ್ಟಿನ ಹತ್ತಿರ ಕತ್ತರಿಸಿ ಹೋಗಿದೆ. ನಿಜವಾಗಿಯೂ ಯುದ್ಧದಲ್ಲಿ ಕೈ ಹೋಯಿತಾ? ಹಾಗಿದ್ದರೆ ಆಮೇಲೆ ಹೇಗೆ ಕೆತ್ತಿದ?

ಲಿನೋಧೂಳು (ಬನಶಂಕರಿ)

ಕೈಗೆ ಏನೂ ಆಗಿರಲಿಲ್ಲ. 1915ರಲ್ಲಿ ಸೈನ್ಯದ ಫಿರಂಗಿ ದಳಕ್ಕೆ ಸೇರಿದ. ರಣರಂಗಕ್ಕೆ ಹೋಗುವ ಮೊದಲೇ, ತರಬೇತಿಯಲ್ಲೇ ಕುಸಿದು ಹೋದ. ಬಿಟ್ಟು ಕಳಿಸಿದರು. ಆಮೇಲೆ ಒಂದಾದ ಮೇಲೊಂದು ಸ್ಯಾನಟೋರಿಯಂ, ನಿದ್ದೆ ಮಾತ್ರೆ, ಕುಡಿತ, ಮಾರ್ಫಿನ್. ಚಿತ್ರದ ಆ ಮೊಂಡುಗೈ ಅವನ ಭಯ. ಇನ್ನು ಚಿತ್ರ ಮಾಡೋಕಾಗಲ್ಲ ಅನ್ನೋ ಭಯ. ಮೂಲ ಚಿತ್ರ ಇವತ್ತು ಅಮೆರಿಕದ ಓಬರ್ಲಿನ್ ಕಾಲೇಜಿನ ಮ್ಯೂಸಿಯಂನಲ್ಲಿದೆ. ನಾಜಿಗಳು 1937ರ 'ಕೀಳು ಕಲೆ' ಪ್ರದರ್ಶನದಲ್ಲಿ ಅದನ್ನೇ ಹೀನಾಯವಾದ ಹೆಸರಿಟ್ಟು ತೂಗುಹಾಕಿದ್ದರು.

ಅದೇ 1915ರಲ್ಲಿ ಮಾಡಿದ ಬಣ್ಣದ ವುಡ್‌ಕಟ್ ಸರಣಿ ಒಂದಿದೆ. ದುಡ್ಡಿಗೆ ತನ್ನ ನೆರಳನ್ನೇ ಮಾರಿಕೊಂಡ ಪೀಟರ್ ಶ್ಲೆಮಿಲ್‌ನ ಹಳೆಯ ಜರ್ಮನ್ ಕಥೆಗೆ ಮಾಡಿದ್ದು. ನೀವು ನೋಡಲೇಬೇಕಾದದ್ದು ಅದು. ಒಂದು ಹಾಳೆಯಲ್ಲಿ ಮುಖದ ಮೇಲೆ ಕೆಂಪು ಹೇಗೆ ಕೂತಿದೆ ಅಂದರೆ, ಗೆರೆಯೊಳಗೆ ನಿಲ್ಲದೆ ಆಚೆ ಹರಿದಿದೆ. ಪ್ರೆಸ್ ಮುಂದೆ ನಿಂತ ಯಾರಾದರೂ ಅದನ್ನು ರಿಜಿಸ್ಟ್ರೇಷನ್ ತಪ್ಪು (ಬಣ್ಣ ಗೆರೆಗೆ ಸರಿಯಾಗಿ ಕೂಡಿಲ್ಲ) ಅಂತ ಎಸೆಯುತ್ತಿದ್ದರು. ಇವನು ಇಟ್ಟುಕೊಂಡ. ಬೀದಿ ಚಿತ್ರಗಳಿಗಿಂತ ಇದೇ ಅವನ ಅತ್ಯುತ್ತಮ ಕೆಲಸ, ನನ್ನ ಲೆಕ್ಕದಲ್ಲಿ.

ಹಳೇ ಸಂತೆ (ಬಸವನಗುಡಿ)

ಇದನ್ನು ಒಪ್ಪಿದೆ. ಶ್ಲೆಮಿಲ್ ಮುಂದೆ ನನ್ನ ವಾದ ನಡೆಯಲ್ಲ. ಅಲ್ಲಿ ತೋರಿಸಿಕೊಳ್ಳುವ ಹಟ ಕಾಣುವುದಿಲ್ಲ.

ಕೆಂಪುಗೆರೆ (ಜಯನಗರ)

ಇಂಥದ್ದನ್ನು ಬೆಂಗಳೂರಿನಲ್ಲಿ ನೋಡೋ ಭಾಗ್ಯ ಇದೆಯಾ? ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಿಂದ ಮ್ಯಾಪ್ (ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂ) ಇದೆ. ಜಾಗಕ್ಕೇನೂ ಕೊರತೆ ಇಲ್ಲ ಅಲ್ವಾ?

ಲಿನೋಧೂಳು (ಬನಶಂಕರಿ)

ಪೇಂಟಿಂಗ್ ಬರುವುದು ಕನಸಿನ ಮಾತು. ಅವನ ಒಂದು ಬರ್ಲಿನ್ ಬೀದಿ ಚಿತ್ರ 2006ರ ಹರಾಜಿನಲ್ಲಿ 3.8 ಕೋಟಿ ಡಾಲರ್ ದಾಟಿತು. ಅದರ ವಿಮೆ ಯಾರು ಕಟ್ಟುತ್ತಾರೆ? ಪ್ರಿಂಟ್ ಹಾಗಲ್ಲ. ಹಗುರ, ಒಂದು ಪೆಟ್ಟಿಗೆಯಲ್ಲಿ ಎಷ್ಟೋ ಹಾಳೆ ಬರುತ್ತವೆ. ಆದರೆ ಕಾಗದಕ್ಕೆ ಬೆಳಕು ಆಗಲ್ಲ. ಮ್ಯೂಸಿಯಂಗಳಲ್ಲಿ ಸುಮಾರು 50 ಲಕ್ಸ್ (ಬೆಳಕಿನ ಅಳತೆ), ಅಂದರೆ ಮಂದ ಬೆಳಕು ಅಷ್ಟೇ ಬಿಡುತ್ತಾರೆ. ಕೆಲವು ತಿಂಗಳು ತೋರಿಸಿ ಮತ್ತೆ ಪೆಟ್ಟಿಗೆಗೆ ಹಾಕುತ್ತಾರೆ. ನಮ್ಮ ಮಳೆಗಾಲದ ತೇವವನ್ನೂ ಸಂಭಾಳಿಸಬೇಕು. ಕಷ್ಟ ಇದೆ, ಆಗದ ಕೆಲಸವಲ್ಲ.

ಕಸ್ತೂರ್ಬಾ ರಸ್ತೆ (ಶಾಂತಿನಗರ)

1922ರ ಡಿಸೆಂಬರ್‌ನಲ್ಲೇ ಕಲ್ಕತ್ತಾಕ್ಕೆ ಜರ್ಮನಿಯ ಕಲಾಶಾಲೆ ಬೌಹೌಸ್‌ನವರ ಕೃತಿಗಳು ಬಂದಿದ್ದವು. ಕ್ಲೇ, ಕ್ಯಾಂಡಿನ್‌ಸ್ಕಿ, ಫೈನಿಂಗರ್. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್ ಓಡಾಡಿ ತರಿಸಿದ್ದು. ಬಹುಪಾಲು ಕಾಗದದ ಮೇಲಿನ ಕೆಲಸಗಳೇ. ಹಡಗಿನ ಕಾಲದಲ್ಲಿ ಆದದ್ದು ಈಗ ಯಾಕಾಗಬಾರದು? ಕೇಳುವವರು ಬೇಕು.

ಲಿನೋಧೂಳು (ಬನಶಂಕರಿ)

ಕೇಳುವವರ ಕಥೆ ನನ್ನ ಹತ್ತಿರ ಇದೆ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ದಿನ ನನ್ನ ವುಡ್‌ಕಟ್ ಇಟ್ಟುಕೊಂಡು ಕೂತಿದ್ದೆ. ಒಬ್ಬರು ಬಂದು ಚೆನ್ನಾಗಿದೆ ಅಂತ ಬಹಳ ಹೊತ್ತು ನೋಡಿದರು. ಆಮೇಲೆ 'ಇದು ಪ್ರಿಂಟ್ ತಾನೇ? ಒರಿಜಿನಲ್ ಎಲ್ಲಿದೆ?' ಅಂದರು. ಇದೇ ಒರಿಜಿನಲ್ ಸರ್ ಅಂದೆ. ಜೆರಾಕ್ಸ್‌ಗೆ ಇಷ್ಟು ರೇಟಾ ಅಂತ ಹೋದರು. ಮೊದಲು ಉಳಿ, ಹಲಗೆ, ರೋಲರ್ ಪಕ್ಕದಲ್ಲಿಟ್ಟು ಜನರ ಮುಂದೆಯೇ ಒಂದು ಹಾಳೆ ಎತ್ತಿ ತೋರಿಸಬೇಕು. ಕಾಗದ ಹಲಗೆಯಿಂದ ಏಳುವಾಗ ಜನ ತಾವಾಗಿಯೇ ಹತ್ತಿರ ಬರುತ್ತಾರೆ.

ಸುಮ್ನೆ ಓದುವವ (ಯಲಹಂಕ)

ನಾನೂ ಜೆರಾಕ್ಸ್ ಅಂತಲೇ ಕೇಳುತ್ತಿದ್ದೆ ಅನ್ನಿಸುತ್ತದೆ 😀 ಸರ್, ಈಗ ಮನೆಯಲ್ಲೇ ಕೂತು ಎಲ್ಲಿಂದ ಶುರು ಮಾಡಲಿ?

ಲಿನೋಧೂಳು (ಬನಶಂಕರಿ)

ನ್ಯೂಯಾರ್ಕ್‌ನ ಮೋಮಾ (ಆಧುನಿಕ ಕಲಾ ಮ್ಯೂಸಿಯಂ) ವೆಬ್‌ಸೈಟಿನಲ್ಲಿ ಅವನ ಪ್ರಿಂಟ್‌ಗಳು ಸಿಗುತ್ತವೆ. ದುಡ್ಡು ಕೊಡಬೇಕಿಲ್ಲ. 1918ರ 'ಲುಡ್ವಿಗ್ ಶಾಮೆಸ್' ಅನ್ನೋ ವುಡ್‌ಕಟ್ ಹುಡುಕಿ. ಫ್ರಾಂಕ್‌ಫರ್ಟ್‌ನಲ್ಲಿ ಇವನ ಚಿತ್ರ ಮಾರುತ್ತಿದ್ದ ಹಿರಿಯ. ಆ ಉದ್ದ ಗಡ್ಡದ ಒಂದೊಂದು ಗೆರೆಯನ್ನೂ ದೊಡ್ಡದು ಮಾಡಿ ನೋಡಿ. ಬೀದಿ ಚಿತ್ರಗಳಿಗೆ ಆಮೇಲೆ ಬನ್ನಿ.

ಹಳೇ ಸಂತೆ (ಬಸವನಗುಡಿ)

ಮಸಿಕುಡಿಕೆ, ಎಲ್ಲ ಹೇಳಿದಿರಿ, ಆ ಎರಡು ಭಾನುವಾರದ ಚಿತ್ರ ಹೇಗಿದ್ದವು ಅಂತ ಹೇಳಲೇ ಇಲ್ಲ.

ಮಸಿಕುಡಿಕೆ (ಮಲ್ಲೇಶ್ವರ)

ಬೇಕಂತಲೇ ಬಿಟ್ಟಿದ್ದೆ ಸರ್. ನನಗೆ ಅಷ್ಟಾಗಿ ಹಿಡಿಸಲಿಲ್ಲ. ಬಣ್ಣ ಭರ್ಜರಿ. ನೇರಳೆ ಬೆಟ್ಟ, ಹಸಿರು, ಗುಲಾಬಿ. ಆದರೆ ಆ ರೈತರು ಎಲ್ಲೋ ಪೋಸ್ ಕೊಟ್ಟು ನಿಂತ ಹಾಗಿದ್ದಾರೆ. ಗೋಡೆಗೆ ಹಾಕುವ ನೇಯ್ಗೆಯ ಥರ ಚಪ್ಪಟೆ. ಅವನಿಗೆ ತಾನು ಬೀದಿ ಚಿತ್ರಗಳ ಕಿರ್ಶ್ನರ್ ಮಾತ್ರ ಅನ್ನಿಸಿಕೊಳ್ಳೋದು ಬೇಡವಾಗಿತ್ತು. ಬೆಟ್ಟದ ಕೆಲಸವೂ ಅಷ್ಟೇ ದೊಡ್ಡದು ಅಂತ ಹೇಳಬೇಕಿತ್ತು. 1933ರಲ್ಲಿ ಇವನ್ನು ಅಷ್ಟು ಮುಖ್ಯವಾಗಿ ತೂಗುಹಾಕಿದ್ದು ಅದಕ್ಕೇ ಇರಬೇಕು. ಮುಂದೆ ನಿಂತಿದ್ದ ಬೆರ್ನ್‌ನ ವಯಸ್ಸಾದ ದಂಪತಿಗೆ ಮಾತ್ರ ಬಹಳ ಖುಷಿ. ತಮ್ಮ ಊರ ಕಡೆಯ ಬೆಟ್ಟ ಗುರುತು ಹಿಡಿದು ಬೆರಳು ತೋರಿಸುತ್ತಿದ್ದರು. ಕಾವಲಿನವನು ಬಂದು ಹಿಂದೆ ಸರಿಸಿದ.

ಅಂದಹಾಗೆ ಕ್ಯಾಟಲಾಗ್ ತಂದಿದ್ದೇನೆ. ಇಟ್ಟಿಗೆ ತೂಕ. ಓದಬೇಕು ಅನ್ನುವವರು ಹೇಳಿ, ಮಲ್ಲೇಶ್ವರದ ಕಡೆ ಬಂದಾಗ ಕೊಡುತ್ತೇನೆ. ವಾಪಸ್ ಕೊಡಬೇಕು ಅಷ್ಟೇ.

ಹಳೇ ಸಂತೆ (ಬಸವನಗುಡಿ)

ನನ್ನ ಹೆಸರು ಮೊದಲು ಬರೆದುಕೊಳ್ಳಿ.

ಮಸಿಕುಡಿಕೆ (ಮಲ್ಲೇಶ್ವರ)

ತಡವಾಯಿತು ಸರ್, ಲಿನೋ ಆಗಲೇ ಮೆಸೇಜ್ ಹಾಕಿ ಬುಕ್ ಮಾಡಿ ಆಯಿತು. ನೀವು ಎರಡನೆಯವರು.